ನಕಾಶಿಯಾಗ ಒಣಗಿದ್ದ ಊರು

ಹಲ್ಲುಜ್ಜುತ್ತ ಫೋನು ನೋಡಬೇಡ ಅಂತ ದೇವಿಂದ್ರನಿಗೆ ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವತ್ತು ಹವಾಮಾನದ ನಕಾಶಿ ತೆರೆದು ನೋಡುತ್ತಾನೆ, ಶಹಾಪುರದ ಮೇಲೆ ಸರಿಯಾಗಿ ಸಂಜೆ ಹೊತ್ತಿಗೆ ನೀಲಿ ಬಣ್ಣ ಹರಡಿದೆ. ನೀಲಿ ಅಂದರೆ ಮಳೆ. ಬಾಯಲ್ಲಿದ್ದ ನೊರೆಯನ್ನು ಹಾಗೇ ನುಂಗಿಬಿಟ್ಟ.

ಪಾಪ, ಅವನ ಕಷ್ಟವೂ ಸಣ್ಣದಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜಿನ ಮುಖ ತೆಗೆದೂ ತೆಗೆದೂ ಬೇಸತ್ತವನಿಗೆ, ಮದುವೆಗೆ ಮುಂಚೆ ಹುಡುಗ ಹುಡುಗಿಯನ್ನು ಬಯಲಲ್ಲಿ ನಿಲ್ಲಿಸಿ ಫೋಟೋ ತೆಗೆಯುವ ಕೆಲಸ ಇದೇ ಮೊದಲ ಸಲ ಸಿಕ್ಕಿತ್ತು. ಹುಡುಗಿ ಪಂಚಶೀಲಾ ಭೀಮರಾಯನಗುಡಿಯಲ್ಲಿ ನರ್ಸ್. ಹುಡುಗ ನಾಗಸೇನ ಮಿಲಿಟರಿಯವ, ಅವತ್ತು ರಾತ್ರಿಯೇ ಯಾದಗಿರಿಯಲ್ಲಿ ರೈಲು ಹತ್ತಬೇಕು. ಇನ್ನು ಅವನು ಬರುವುದು ಮದುವೆಗೇ. ಕ್ಯಾಮೆರಾ ಯಾದಗಿರಿಯ ದೋಸ್ತ ಮುಷರಫನದು. ಕೂಸನ್ನು ಕೊಟ್ಟಂತೆ ಎರಡೂ ಕೈಯಲ್ಲಿ ಕೊಟ್ಟು, "ಇದರ ಮ್ಯಾಲ ಒಂದ್ ಹನಿ ಮಳಿ ಬಿತ್ತಂದ್ರ ನಮ್ಮ ದೋಸ್ತಿ ಖತಮ್" ಎಂದಿದ್ದ.

ಮಲಗಿದ ಬುದ್ಧನ ಹಾಗೆ ಕಾಣುವ ಶಹಾಪುರದ ಗುಡ್ಡದೆದುರು, ಸಂಜೆ ಬಿಸಿಲಲ್ಲಿ, ಅಂತ ಮೊದಲೇ ಮಾತಾಗಿತ್ತು. ಪಂಚಶೀಲಾ ಅದಕ್ಕೆಂದೇ ಹಳದಿ ಸೀರೆ ಆರಿಸಿಕೊಂಡಿದ್ದಳು. ದೇವಿಂದ್ರ ಗುಡ್ಡ ಬೇಡವೇ ಬೇಡ, ಸುರಪುರಕ್ಕೆ ನಡೆಯಿರಿ ಎಂದ. ಆಕಾಶದಲ್ಲಿ ಹಿಡಿಯಷ್ಟೂ ಮೋಡ ಇಲ್ಲವಲ್ಲ ಅಂತ ನಾಗಸೇನ ಕೇಳಿದ್ದಕ್ಕೆ, ಆಕಾಶ ಈಗಿನದನ್ನು ತೋರಿಸುತ್ತದೆ, ನಕಾಶಿ ಮುಂದಿನದನ್ನು ತೋರಿಸುತ್ತದೆ ಅಂತ ಪಾಠ ಹೇಳಿದ.

ಟಂಟಂ ಗಾಡಿ ಹೊರಟಿತು. ಹುಡುಗಿಯ ಸೋದರತ್ತೆ ಲಾಲಮ್ಮ ರೊಟ್ಟಿ ಗಂಟು ಹಿಡಿದು ನಡುವೆ ಕೂತಳು. ಲಗ್ನವಾಗದ ಹುಡುಗ ಹುಡುಗಿಯನ್ನು ಹಾಗೇ ಕಳಿಸುವುದುಂಟೇ? ಸುರಪುರ ಮುಟ್ಟುವುದರೊಳಗೆ ನಕಾಶಿಯ ನೀಲಿ ಅಲ್ಲಿಗೂ ಬಂದಿತ್ತು. ಗಾಡಿ ಕೆಂಭಾವಿ ದಾರಿ ಹಿಡಿಯಿತು. ಅಲ್ಲಿಯೂ ನೀಲಿ.

"ಏನಪಾ, ಫೋಟೋ ತೆಗೀತಿಯೋ, ನಮಗ ಜಿಲ್ಲಾ ತೋರಸಾಕತ್ತಿಯೋ?" ಎಂದಳು ಲಾಲಮ್ಮ.

ಹೊತ್ತು ಇಳಿಯುತ್ತಿತ್ತು. ದಾರಿಬದಿಯ ಚಹಾದಂಗಡಿಯಲ್ಲಿ ಕೂತು ಬೆರಳಿಂದ ನಕಾಶಿಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡುವಾಗ ಕಂಡಿತು ನೋಡಿ, ಸುತ್ತಲಿನ ನೀಲಿಯ ನಡುವೆ ರೂಪಾಯಿಯಷ್ಟಗಲದ ಒಂದು ಬಿಳಿ ಜಾಗ. ಅದರೊಳಗೆ ಒಂದೇ ಒಂದು ಹಳ್ಳಿ. ಚಹಾದ ಹುಲಗಪ್ಪನನ್ನು ಆ ಊರಿನ ದಾರಿ ಕೇಳಿದ.

"ಆ ಊರಾ? ಸುತ್ತಾ ನಾಕೂ ಊರಿಗಿ ಮಳಿ ಆಗೈತ್ರಿ. ಅಲ್ಲಿ ಮಾತ್ರ ಈ ವರ್ಷ ಒಂದ್ ಹನಿ ಬಿದ್ದಿಲ್ಲ" ಎಂದ ಹುಲಗಪ್ಪ, ಮರುಕದಿಂದ.

ದೇವಿಂದ್ರನಿಗೆ ಮಾತ್ರ ಕುಣಿಯುವಷ್ಟು ಖುಷಿಯಾಯಿತು. ಉಳಿದ ಚಹಾವನ್ನೂ ಬಿಟ್ಟು ಎದ್ದ.

ಊರು ನಕಾಶಿ ಹೇಳಿದ ಹಾಗೇ ಇತ್ತು. ಒಣ ನೆಲ, ಒಣ ಗಾಳಿ, ಬೇವಿನ ಮರದ ಮೇಲೆ ಬಂಗಾರದಂಥ ಬಿಸಿಲು. ಕಟ್ಟೆಯ ಹತ್ತಿರ ಹಲಗೆ ಬಾರಿಸುತ್ತ ಊರಿಗೆ ಊರೇ ಸೇರಿತ್ತು. ದುರಗಪ್ಪನೆಂಬವನು ತಲೆಯ ಮೇಲೆ ರೊಟ್ಟಿ ಹಂಚು ಹೊತ್ತಿದ್ದ. ಹಂಚಿನ ಮೇಲೆ ಸಗಣಿಯಲ್ಲಿ ಮಾಡಿದ ಮಳೆದೇವರು ಗುರ್ಜಿ, ಅದಕ್ಕೆ ಗರಿಕೆ. ಮಳೆ ಮುನಿದಾಗ ಗುರ್ಜಿಯನ್ನು ಮನೆಮನೆಗೆ ಒಯ್ಯುವುದು, ಮನೆಯವರು ಅದರ ಮೇಲೆ ಕೊಡ ನೀರು ಸುರಿಯುವುದು, ಹೊತ್ತವನು ತೊಯ್ದು ತೊಪ್ಪೆಯಾಗಿ ಗಿರಗಿರ ತಿರುಗುವುದು ಆ ಕಡೆಯ ಪದ್ಧತಿ. ಚಲೋ ನೋಟ ಸಿಕ್ಕಿತು ಅಂತ ದೇವಿಂದ್ರ ಕ್ಯಾಮೆರಾ ಕೊರಳಿಗೆ ಹಾಕಿಕೊಂಡ. ಬೆಳಗಿನಿಂದ ಮೊದಲ ಸಲ ಅವನು ಸಲೀಸಾಗಿ ಉಸಿರಾಡಿದ.

ತಿಮ್ಮವ್ವ ಎಂಬ ಮುದುಕಿ ಹತ್ತಿರ ಬಂದಳು. "ಯಪ್ಪಾ, ಫೋನಿನ್ಯಾಗ ಮೋಡ ಕಾಣತಾವಂತಲ್ಲ. ನಮ್ಮೂರಿಗಿ ಯಾವಾಗ ಬರತೈತಿ ನೋಡು."

ಸುಮ್ಮನೆ ಗೊತ್ತಿಲ್ಲಬೇ ಅಂದಿದ್ದರೆ ಆಗುತ್ತಿತ್ತು. ಗೊತ್ತಿದ್ದದ್ದನ್ನು ಹೇಳದೆ ಇರುವ ಜಾತಿಯವನಲ್ಲ ದೇವಿಂದ್ರ. ಫೋನನ್ನು ಅವಳ ಮುಖದ ಮುಂದೆ ಹಿಡಿದ.

"ಬರಂಗಿಲ್ಲ ಬಿಡಬೇ. ಇವತ್ತೂ ಇಲ್ಲ, ಈ ವಾರನೂ ಇಲ್ಲ. ಅದನ್ನ ನೋಡೇ ನಾವು ಖುಷೀಲೆ ಬಂದೀವಿ."

ಹಲಗೆಯ ಸದ್ದು ನಿಂತಿತು. ತಿರುಗುತ್ತಿದ್ದ ದುರಗಪ್ಪನೂ ನಿಂತ. ತಿಮ್ಮವ್ವ ಸಿಟ್ಟಾಗಲಿಲ್ಲ, ಬೈಯಲಿಲ್ಲ. ಹೆಂಗಸರ ಕಡೆ ತಿರುಗಿ, "ಗುರ್ಜಿ ದಿನ ಇಂಥಾ ಮಾತು ಆಡಿದ ಬಾಯಿ ಒಣಗಿ ಹೋಗಬಾರದು. ಸುರೀರಿ" ಎಂದಳು.

ಮೊದಲ ಕೊಡ ಬೆನ್ನಿಗೆ ಬಿತ್ತು, ಎರಡನೆಯದು ನೆತ್ತಿಗೆ. ಫೋನನ್ನು ಲಾಲಮ್ಮ ಕಸಿದುಕೊಂಡಳೆಂದು ಅದೊಂದು ಉಳಿಯಿತು. ಕ್ಯಾಮೆರಾ ಐತ್ರೀ, ಕ್ಯಾಮೆರಾ ಐತ್ರೀ ಅಂತ ದೇವಿಂದ್ರ ಹೊಟ್ಟೆಯಡಿ ಅವುಚಿಕೊಂಡು ಮುದುಡಿದರೆ ನೀರು ಅಲ್ಲಿಗೂ ಹುಡುಕಿಕೊಂಡು ಬಂತು. ಅಷ್ಟಕ್ಕೇ ಬಿಡಲಿಲ್ಲ. ಇಲ್ಲ ಅಂದವನೇ ಮಳೆಯನ್ನು ಕರೆಯಲಿ ಅಂತ ದುರಗಪ್ಪ ಹಂಚನ್ನು ಇವನ ತಲೆಗೆ ದಾಟಿಸಿದ. ಉಳಿದ ಓಣಿಯ ಮನೆಮನೆಗೂ ದೇವಿಂದ್ರ ಗುರ್ಜಿ ಹೊತ್ತ, ಮನೆಮನೆಗೂ ಗಿರಗಿರ ತಿರುಗಿದ. ಕೊರಳಿನ ಕ್ಯಾಮೆರಾವೂ ಅವನೊಡನೆ ತಿರುಗಿತು. ಪಂಚಶೀಲಾ, ನಾಗಸೇನ ಕಟ್ಟೆಯ ಮೇಲೆ ಒಬ್ಬರ ಹೆಗಲಿಗೊಬ್ಬರು ಆತು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಲಾಲಮ್ಮ ಅವನದೇ ಫೋನಿನಲ್ಲಿ ಅವರ ಫೋಟೋ ಒತ್ತಿದಳು.

ವಾಪಸು ಬರುವಾಗ ನಾಗಸೇನ ಆ ಫೋಟೋ ನೋಡಿ, ಲಗ್ನದ ಬ್ಯಾನರಿಗೆ ಇದೇ ಇರಲಿ ಅಣ್ಣಾ, ಅತ್ತಿ ಭಾಳ ಚಂದ ತೆಗೆದಾರ ಎಂದ. ದೇವಿಂದ್ರ ನಡುಗುತ್ತ ತಲೆಯಾಡಿಸಿದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮುಷರಫ.

"ಶಹಾಪುರಕ್ಕ ಬಂದೀನಿ ಭಾಯಿ, ಗುಡ್ಡದ ಎದುರಿಗೇ ನಿಂತೀನಿ. ಏನ್ ಬಿಸಿಲು ಅಂತಿ, ಹಳದಿ ಹಳದಿ! ಮಳಿ ಹೆಸರಿಲ್ಲ. ನಿಮ್ಮ ಕಡಿ ಹ್ಯಾಂಗೈತಿ?"

ದೇವಿಂದ್ರ ಗುಡ್ಡವನ್ನು ನೆನೆದ, ಹಳದಿ ಸೀರೆಯನ್ನು ನೋಡಿದ. ಅಳು ಬಂತು.

"ಇಲ್ಲೂ ಇಲ್ಲ ದೋಸ್ತ. ಖುದಾನ ಆಣಿಗೂ, ಒಂದ್ ಹನಿ ಮಳಿ ಬಿದ್ದಿಲ್ಲ."

"ಶುಕರ್! ಹಂಗಾರ ದೋಸ್ತಿ ಖಾಯಂ. ಬಾ, ನಿನ್ನ ಸ್ಟುಡಿಯೋದಾಗೇ ಕುಂತಿರತೀನಿ, ಕ್ಯಾಮೆರಾ ಕೈಯಾಗ ಇಸಗೊಂಡೇ ಹೋಗತೀನಿ."

ದೇವಿಂದ್ರ ತೊಡೆಯ ಮೇಲಿನ ಕ್ಯಾಮೆರಾವನ್ನು ಮೆಲ್ಲಗೆ ಬಗ್ಗಿಸಿದ. ಅದರೊಳಗಿನ ನೀರು ಲಾಲಮ್ಮನ ರೊಟ್ಟಿ ಗಂಟಿನ ಮೇಲೆ ಸುರಿಯಿತು.