ಸೆಲ್ವಿ ಅಕ್ಕನ ಮನೆಯಲ್ಲಿ ನನ್ನ ವಸಾಹತು

ಬೇರೆಯವರ ಮನೆಯಲ್ಲಿ ಬರುವಷ್ಟು ಸೊಗಸಾದ ನಿದ್ದೆ ಸ್ವಂತ ಮನೆಯಲ್ಲಿ ಬರುವುದಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವ ನಾನು ಇದನ್ನು ತಲೆ ತಗ್ಗಿಸಿಕೊಂಡೇ ಹೇಳುತ್ತಿದ್ದೇನೆ. ಲಿಂಗರಾಜಪುರದ ನಮ್ಮ ಮನೆಯಲ್ಲಿ ಟೀವಿ, ಮಿಕ್ಸಿ, ನನ್ನ ಹೆಂಡತಿ ಸುಮಾಳ ಫೋನು ಮೂರೂ ಒಟ್ಟಿಗೇ ಮಾತಾಡುತ್ತವೆ. ಅಲ್ಲಿ ಉತ್ತರಪತ್ರಿಕೆ ತಿದ್ದುವುದಿರಲಿ, ಕಣ್ಣು ಮುಚ್ಚುವುದೂ ಕಷ್ಟ. ಹೀಗಿರುವಾಗ ಮೇಲಿನ ಮನೆಯ ಸೆಲ್ವಿ ಅಕ್ಕ ಮಗಳ ಬಾಣಂತನಕ್ಕೆಂದು ಪಾಂಡಿಚೇರಿಗೆ ಹೊರಟರು. ಬೀಗದ ಕೈ ನನಗೆ ಕೊಟ್ಟು, "ತುಳಸಿಗೆ ನೀರು ಹಾಕಿ ಸಾರ್, ಅಷ್ಟು ಸಾಕು" ಎಂದರು.

ಮೊದಲ ವಾರ ನೀರನ್ನೇ ಹಾಕಿದೆ. ಎರಡನೇ ವಾರ, ತುಳಸಿಗೆ ಒಂಟಿತನ ಕಾಡೀತೆಂದು ಅಲ್ಲೇ ಕೂತು ಪೇಪರ್ ಓದಿದೆ. ಆಮೇಲೆ ನನ್ನ ದಿಂಬು ಮೆಟ್ಟಿಲು ಹತ್ತಿತು. ಅದರ ಹಿಂದೆಯೇ ಟೇಬಲ್ ಫ್ಯಾನು, ಲುಂಗಿ, ಉಪ್ಪಿನಕಾಯಿ ಜಾಡಿ. ಫ್ರೆಂಚರೂ ಅಷ್ಟೇ, ಪಾಂಡಿಚೇರಿಗೆ ಬಂದದ್ದು ಬರೀ ವ್ಯಾಪಾರಕ್ಕೆ. ಕಡಲಾಚೆಯ ಅಲ್ಜೀರಿಯಾವನ್ನಂತೂ ಹಿಡಿದ ಮೇಲೆ, ಇದು ವಸಾಹತಲ್ಲ, ಫ್ರಾನ್ಸೇ ಎನ್ನತೊಡಗಿದರು. ನನ್ನ ಬಾಯಲ್ಲೂ 'ಸೆಲ್ವಿ ಅಕ್ಕನ ಮನೆ' ಹೋಗಿ 'ಮೇಲಿನ ರೂಮು' ಬಂತು.

"ಬೇರೆಯವರ ಮನೆ ಕಣ್ರೀ, ನಾಚಿಕೆ ಆಗಲ್ವಾ?" ಎಂದಳು ಸುಮಾ.

"ಬಾಗಿಲು ಹಾಕಿಟ್ರೆ ಮನೆ ಹಾಳಾಗುತ್ತೆ ಕಣೇ. ಅವರಿಗೋಸ್ಕರಾನೇ ನಾನು ಮಲಗ್ತಿರೋದು" ಎಂದೆ.

ಅನಾಗರಿಕರನ್ನು ಉದ್ಧಾರ ಮಾಡಲೆಂದೇ ಬಂದಿದ್ದೇವೆ ಎಂದು ಫ್ರೆಂಚರು ಹೇಳಿಕೊಳ್ಳುತ್ತಿದ್ದುದೂ ಇದೇ ಧಾಟಿಯಲ್ಲಿ. ನಾನೂ ಉದ್ಧಾರಕ್ಕೆ ಇಳಿದೆ. ಸೆಲ್ವಿ ಅಕ್ಕನ ಅಡುಗೆಮನೆಯ ಡಬ್ಬಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿ ಶಿಸ್ತು ತಂದೆ. ಸೋಂಪಿನ ಡಬ್ಬಕ್ಕೆ ಜೀರಿಗೆ ಎಂದು ಬರೆದದ್ದು ಆಮೇಲೆ ತಿಳಿಯಿತು. ತಿದ್ದಲು ಹೋಗಲಿಲ್ಲ.

ಮೊನ್ನೆ ಭಾನುವಾರ ಮಧ್ಯಾಹ್ನ ಒಳಗಿನಿಂದ ಚಿಲಕ ಹಾಕಿಕೊಂಡು ಅಲ್ಲೇ ಉತ್ತರಪತ್ರಿಕೆ ತಿದ್ದುತ್ತಿದ್ದೆ. 'ವಸಾಹತುಗಳನ್ನು ಬಿಟ್ಟುಕೊಡಲು ಫ್ರೆಂಚರು ಹಿಂಜರಿದದ್ದೇಕೆ?' ಎಂಬ ನಾಲ್ಕು ಅಂಕದ ಪ್ರಶ್ನೆಗೆ ಹುಡುಗಿಯೊಬ್ಬಳು ಒಂದೇ ಸಾಲು ಬರೆದಿದ್ದಳು: 'ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು.' ಸಿಟ್ಟು ಬಂತು. ಕೆಂಪು ಇಂಕಿನಲ್ಲಿ ಸೊನ್ನೆ ಸುತ್ತಿ ಮಲಗಿದೆ.

ಬೆಲ್ ಆಯಿತು. ನಿದ್ದೆಗಣ್ಣಿನಲ್ಲಿ ಲುಂಗಿ ಬಿಗಿಮಾಡಿಕೊಳ್ಳುತ್ತಾ ಬಾಗಿಲು ತೆರೆದೆ. ಸೂಟ್‌ಕೇಸ್ ಹಿಡಿದು ಸೆಲ್ವಿ ಅಕ್ಕ ನಿಂತಿದ್ದರು. ನನ್ನ ನಾಲಗೆಗೆ ಏನು ಬಡಿದಿತ್ತೋ ಕಾಣೆ, "ಬನ್ನಿ ಅಕ್ಕ, ಬನ್ನಿ. ಚಪ್ಪಲಿ ಮಾತ್ರ ಹೊರಗೇ ಬಿಡಿ" ಎಂದೆ.

ಪಾಪ, ಅವರು ಬಿಟ್ಟರು. ತಮ್ಮದೇ ಕುರ್ಚಿಯ ತುದಿಯಲ್ಲಿ ನೆಂಟರ ಹಾಗೆ ಕೂತು ಫ್ಯಾನು, ದಿಂಬು, ಜಾಡಿ ಎಲ್ಲವನ್ನೂ ಒಂದೊಂದಾಗಿ ನೋಡಿದರು. ಕೊನೆಗೆ ಮೆಲ್ಲಗೆ ಕೇಳಿದರು, "ತುಳಸಿ ಹೇಗಿದೆ ಸಾರ್?"

ಇಬ್ಬರೂ ಬಾಲ್ಕನಿಯ ಕಡೆ ನೋಡಿದೆವು. ತುಳಸಿ ಒಣಗಿ ಕಡ್ಡಿಯಾಗಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಪತ್ರಿಕೆಗಳ ಕಟ್ಟು, ಫ್ಯಾನು, ಜಾಡಿ ಹೊತ್ತು ಕೆಳಗಿಳಿದೆ. ಮೊದಲು ಆ ಹುಡುಗಿಯ ಸೊನ್ನೆ ಹೊಡೆದುಹಾಕಿ ನಾಲ್ಕಕ್ಕೆ ನಾಲ್ಕು ಕೊಟ್ಟೆ. ದಿಂಬನ್ನು ಮಾತ್ರ ಬೇಕೆಂದೇ ಮೇಲೆ ಮರೆತು ಬಂದಿದ್ದೇನೆ.