ಸೂರ್ಯನ ಸೊಂಟಕ್ಕೆ ಬಿಗಿದ ಗಂಟು

ನಮ್ಮ ಮಾಸ್ತರರ ಜಾತಿಗೇ ಒಂದು ರೋಗವಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಮನೆಯಲ್ಲಿ ಹೆಂಡತಿಯ ಎದುರು ದಿನಕ್ಕೆ ಹತ್ತು ಸಲ ಒಪ್ಪಿಕೊಳ್ಳುವ ಅಜ್ಞಾನವನ್ನು ಶಾಲೆಯ ಗೇಟು ದಾಟುತ್ತಲೇ ಜೇಬಿಗಿಳಿಸಿಬಿಡುತ್ತೇವೆ. ಈ ಕಲೆಯಲ್ಲಿ ನನಗೆ ಹದಿನೆಂಟು ವರ್ಷದ ಅನುಭವ. ಆದ್ದರಿಂದ ಐದನೆಯ ತರಗತಿಗೆ ನಾನು ಸೌರವ್ಯೂಹದ ಮಾದರಿ ಪಾಠ ಮಾಡಬೇಕು, ಅದನ್ನು ನೋಡಲು ಶಿಕ್ಷಣ ಇಲಾಖೆಯ ಸಾಹೇಬರೂ ಸುತ್ತಲಿನ ಶಾಲೆಗಳ ಶಿಕ್ಷಕರೂ ಬರುತ್ತಾರೆ ಎಂಬ ಖಬರು ಬಂದಾಗ ನಾನು ಹೆದರಲಿಲ್ಲ. ಹೆದರುವುದಿದ್ದರೆ ಗ್ರಹಗಳು ಹೆದರಲಿ ಎಂದುಕೊಂಡೆ.

ಇದರಲ್ಲಿ ನನ್ನ ಸ್ವಾರ್ಥವೂ ಇತ್ತು, ಮುಚ್ಚಿಡುವುದೇಕೆ. ನನ್ನ ಮನೆ ಬೆಟಗೇರಿಯಲ್ಲಿ, ಶಾಲೆ ಹಮ್ಮಿಗಿಯ ಆಚೆ, ಹೊಳೆದಂಡೆಯ ಊರಿನಲ್ಲಿ. ಬೆಳಿಗ್ಗೆ ಎದ್ದು ಗದಗಿನ ಸ್ಟ್ಯಾಂಡಿಗೆ, ಅಲ್ಲಿಂದ ಮುಂಡರಗಿಗೆ, ಅಲ್ಲಿಂದ ಮನಸ್ಸು ಬಂದರೆ ಹೊರಡುವ ಇನ್ನೊಂದು ಬಸ್ಸಿಗೆ. ಪಾಠ ಚೊಲೋ ಆದರೆ ಗದಗಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸಕ್ಕೆ ನನ್ನನ್ನು ಕರೆಸಿಕೊಳ್ಳುವುದಾಗಿ ಸಾಹೇಬರು ಹೇಳಿದ್ದರು. ಮನೆಯಿಂದ ಹತ್ತೇ ನಿಮಿಷ. ಮಧ್ಯಾಹ್ನ ಬಿಸಿ ರೊಟ್ಟಿ. ಇದಕ್ಕಿಂತ ಘನವಾದ ಉದ್ದೇಶ ಇಟ್ಟುಕೊಂಡು ಯಾರಾದರೂ ಸೌರವ್ಯೂಹ ಕಲಿಸಿದ್ದಾರೆಯೇ, ನನಗೆ ತಿಳಿಯದು.

ಪಾಠದಲ್ಲಿ ಚಟುವಟಿಕೆ ಇರಬೇಕೆಂದು ಮೇಲಿನವರ ಅಪ್ಪಣೆ. ಮಕ್ಕಳು ಕೂತಲ್ಲೇ ಕಲಿತರೆ ಈಗ ಅದನ್ನು ಕಲಿಕೆ ಎನ್ನುವುದಿಲ್ಲ. ನನಗೆ ಥಟ್ಟನೆ ಹೊಳೆದದ್ದು ಹಂತಿ. ಕಣದ ನಡುವೆ ಮೇಟಿ ಎಂಬ ಕಂಬ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ಸುತ್ತಲೂ ತಿರುಗಿಸಿ ತೆನೆ ತುಳಿಸುತ್ತಾರಲ್ಲ, ಅದು. ಮೇಟಿ ಸೂರ್ಯ, ಎತ್ತುಗಳು ಗ್ರಹ. ಹಳ್ಳಿಯ ಮಕ್ಕಳಿಗೆ ಹಳ್ಳಿಯ ಉದಾಹರಣೆ. ಕೋಟಿ ವಿದ್ಯೆಗಳಲ್ಲಿ ಮೇಟಿ ವಿದ್ಯೆಯೇ ಮೇಲು ಎಂದು ಬೋರ್ಡಿನ ಮೇಲೆ ದಪ್ಪಗೆ ಬರೆಸಿದೆ. ನಾನು ಹುಟ್ಟಿದ್ದು ಮಗ್ಗದ ಮನೆಯಲ್ಲಿ, ಹಂತಿಯನ್ನು ಹತ್ತಿರ ನಿಂತು ನೋಡಿದವನೇ ಅಲ್ಲ ಎಂಬುದನ್ನು ಬರೆಸಲಿಲ್ಲ. ಜಾಗ ಸಾಲಲಿಲ್ಲ.

ಸೂರ್ಯ ಯಾರಾಗಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಎಲ್ಲರೂ ನನ್ನ ಸುತ್ತ ತಿರುಗುವ ಅವಕಾಶ ಮನೆಯಲ್ಲಂತೂ ಸಿಕ್ಕಿಲ್ಲ. ಗ್ರಹಗಳ ಹಂಚಿಕೆಯಲ್ಲಿ ಮಾತ್ರ ಸ್ವಲ್ಪ ತಕರಾರಾಯಿತು. ಗುರು ಆಗಲು ಆರು ಮಂದಿ, ಶನಿ ಆಗಲು ಯಾರೂ ಇಲ್ಲ. ಒಬ್ಬನಿಗೆ ಜುಲುಮೆಯಿಂದ ಶನಿಪಟ್ಟ ಕಟ್ಟಿದೆ. ಮರುದಿನ ಅವನ ತಾಯಿ ಬಂದು, "ಸರ, ನಮ್ಮ ಮನಿಯಾಗ ಇರೂದು ಒಂದ ಕೂಸು. ಅದನ್ನ ಶನಿ ಮಾಡಬ್ಯಾಡ್ರಿ" ಎಂದು ಕೈ ಮುಗಿದಳು. ನಾನು ಆಕೆಗೆ ವೈಜ್ಞಾನಿಕ ಮನೋಭಾವದ ಬಗ್ಗೆ ಅರ್ಧ ತಾಸು ಕೊರೆದು ಕಳಿಸಿದೆ. ಪಾಠದ ಹೊತ್ತನ್ನು ನಾನೇ ರಾಹುಕಾಲ ತಪ್ಪಿಸಿ ಇಟ್ಟಿದ್ದೆ, ಅದು ಬೇರೆ ಮಾತು.

ಆ ದಿನ ಸಾಹೇಬರು ನೆರಳಿಗೆ ಕುರ್ಚಿ ಹಾಕಿಸಿಕೊಂಡು ಚಹಾ ಕೈಯಲ್ಲಿ ಹಿಡಿದು ಕೂತರು. ನಾನು ಉದ್ದನೆಯ ಹಗ್ಗದ ಒಂದು ತುದಿಯನ್ನು ನನ್ನ ಸೊಂಟಕ್ಕೆ ಸುತ್ತಿ ಗಂಟು ಹಾಕಿದೆ. ಎಂಥ ಗಂಟು ಎನ್ನುತ್ತೀರಿ? ಎಳೆ ಹರಿದಾಗ ನೇಕಾರರು ಹಾಕುವ ಗಂಟು, ಎಳೆದಷ್ಟೂ ಬಿಗಿಯಾಗುವಂಥದ್ದು. "ಗಂಟು ಜಾರಿತಂದ್ರ ಮರ್ಯಾದಿ ಜಾರಿದಂಗ" ಎಂದು ನಮ್ಮಪ್ಪ ಕಲಿಸಿದ್ದು. ಹಗ್ಗ ಹಿಡಿದು ಎಂಟು ಮಕ್ಕಳು ಸಾಲಾಗಿ ನಿಂತರು. ನನ್ನ ಹತ್ತಿರ ಬುಧ, ಕಟ್ಟಕಡೆಗೆ ನೆಪ್ಚೂನ್ ಆಗಿ ಕಸ್ತೂರಿ ಎಂಬ ಹುಡುಗಿ. "ದೂರದ ಗ್ರಹ ಬಹಳ ನಿಧಾನ" ಎಂದು ವಿವರಿಸುತ್ತ ಸೀಟಿ ಊದಿದೆ.

ಮೊದಲ ಸುತ್ತಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೆ ಬುಧ ಬಂದು ನನ್ನ ಹೊಟ್ಟೆಗೆ ಒರಗಿದ. ಗಂಟು ಜಾರದೆ ಇದ್ದುದರಿಂದ ಹಗ್ಗ ನನ್ನನ್ನೇ ಸುತ್ತುತ್ತಿತ್ತು. ಶುಕ್ರ ಬಂದಿತು, ಭೂಮಿ ಬಂದಿತು. ನಿಲ್ಲಿಸಲು ಸೀಟಿ ಊದೋಣವೆಂದರೆ ಕೈಗಳೆರಡೂ ಹಗ್ಗದ ಒಳಗೆ. ನಿಲ್ರೋ ಎಂದು ಕೂಗಿದ್ದನ್ನು ಮಕ್ಕಳು ಹುರುಪಿನ ಮಾತೆಂದು ತಿಳಿದು ಇನ್ನೂ ಜೋರಾಗಿ ಓಡಿದರು. ಗುರುಬಲ ನನ್ನ ಬೆನ್ನಿಗೆ ಬಂದು ಬಡಿಯಿತು, ಅದರ ಹಿಂದೆಯೇ ಶನಿ. ನಾನು ಸಕಲ ಗ್ರಹಗಳ ಸಮೇತ ನೆಲಕ್ಕೆ ಬಿದ್ದೆ.

ಏದುಸಿರು ಬಿಡುತ್ತ ನಿಂತವಳು ಕಸ್ತೂರಿ ಒಬ್ಬಳೇ. "ಸರ, ನೆಪ್ಚೂನ್ ಸಾವಕಾಶ ಅಂದ್ರಿ. ನಾನ ಎಲ್ಲಾರಕಿಂತ ಜೋರ ಓಡಬೇಕಾತಲ್ರಿ?"

ನಾನು ಮಣ್ಣು ಉಗುಳಿದೆ. ಉತ್ತರವನ್ನೂ ಅವಳೇ ಹೇಳಿದಳು.

"ಒಂದ ಹಗ್ಗಕ್ಕ ಕಟ್ಟಿದ್ರ ಹಂಗ ರಿ. ಹೊರಗಿನ ಎತ್ತು ಓಡತೈತಿ, ಒಳಗಿಂದು ನಿಂತಲ್ಲೇ ತಿರಗತೈತಿ. ಒಬ್ಬೊಬ್ಬರಿಗೆ ಒಂದೊಂದ ಹಗ್ಗ ಬೇಕ್ರಿ. ಮತ್ತ ಮೇಟಿಗೆ ಕುಣಿಕಿ ಸಡ್ಲ ಇರಬೇಕು. ಬೀಜದ ಜ್ವಾಳಕ್ಕ ನಮ್ಮಜ್ಜ ಇನ್ನೂ ಹಂತಿ ಹೂಡತಾನ. ಯಾವ ಮೇಟಿಗೂ ಹಿಂಗ ಬಿಗಿಯೂದಿಲ್ರಿ."

ಸಾಹೇಬರು ಎದ್ದು ಬಂದು ಅವಳ ಬೆನ್ನು ತಟ್ಟಿದರು. ಆಮೇಲೆ, ಗಂಟು ಬಿಚ್ಚಲಾಗದೆ ಕುಡುಗೋಲು ತರಿಸುತ್ತಿದ್ದ ನನ್ನತ್ತ ತಿರುಗಿ, "ಮಾಸ್ತರ, ನೀವು ಇಲ್ಲೇ ಇರ್ರಿ. ಹುಡುಗರ ಕಡಿಂದ ಕಲಿಯೂದು ಭಾಳ ಐತಿ ನಿಮಗ" ಎಂದರು. ಗದಗಿನ ಮಾತು ಅಲ್ಲಿಗೆ ಮುಗಿಯಿತು. ನಿಜ ಹೇಳುತ್ತೇನೆ, ಮುಂಡರಗಿಯ ಸ್ಟ್ಯಾಂಡಿನಲ್ಲಿ ಬಸ್ಸು ಕಾಯುವಾಗ ಕಣ್ಣು ತುಂಬಿ ಬಂತು. ಮನೆಯಲ್ಲಿ ಎಲ್ಲವನ್ನೂ ಕೇಳಿದ ಹೆಂಡತಿ, "ಹಂಗಾರ ನಾಳಿ ಡಬ್ಬಿಗೆ ರೊಟ್ಟಿ ಎರಡ ಕಟ್ಟಲೋ ಮೂರೋ?" ಎಂದಷ್ಟೇ ಕೇಳಿದಳು.

ಈಗ ನಮ್ಮ ಶಾಲೆಯ ಅಂಗಳದಲ್ಲಿ ಕಸ್ತೂರಿಯ ಅಜ್ಜ ಕೊಟ್ಟ ಹಳೆಯ ಮೇಟಿ ನೆಟ್ಟಿದೆ. ಅದೇ ಸೂರ್ಯ. ಎಂಟು ಹಗ್ಗ, ಎಂಟು ಸಡಿಲ ಕುಣಿಕೆ. ಸೂರ್ಯನ ಕೆಲಸವನ್ನು ನನಗಿಂತ ನೆಟ್ಟಗೆ ನಿಂತು ಮಾಡುತ್ತದೆ, ನಡುವೆ ಬಾಯಿ ಹಾಕುವುದಿಲ್ಲ. ಹೋದ ವಾರ ಎರಡನೆಯ ಬಸ್ಸು ಕೈಕೊಟ್ಟು ನಾನು ತಡವಾಗಿ ಹೋದಾಗ ಗ್ರಹಗಳು ಆಗಲೇ ತಿರುಗುತ್ತಿದ್ದವು. ಮೇಲ್ವಿಚಾರಣೆ ಕಸ್ತೂರಿಯದು. ಅವಳು ಎಲ್ಲಕ್ಕಿಂತ ಉದ್ದದ ಹಗ್ಗದ ತುದಿಯನ್ನು ತಂದು ನನ್ನ ಕೈಯಲ್ಲಿಟ್ಟಳು.

"ನೀವು ನೆಪ್ಚೂನ್ ಆಗ್ರಿ ಸರ."

"ನಾನ ಯಾಕವಾ?"

"ಎಲ್ಲಾರಕಿಂತ ದೂರಿಂದ ಬರಾವ್ರು ನೀವ ಅಲ್ರಿ? ಎಲ್ಲಾರೂ ಬಂದು ಮುಟ್ಟಿದ ಮ್ಯಾಲೆ ಬರತೀರಿ."

ಹಗ್ಗ ಹಿಡಿದು ಸಾವಕಾಶ ಹೊರಟೆ. ಹದಿನೆಂಟು ವರ್ಷದಲ್ಲಿ ತಪ್ಪಿಲ್ಲದೆ ನಾನು ಮಾಡಿದ ಪಾಠ ಇದೊಂದೇ ಇರಬೇಕು. ಬಾಯಿ ಬಿಡಲಿಲ್ಲ.