ಐವತ್ತೆರಡು ವರ್ಷದ ಗಂಡಸು

ತಪ್ಪೆಲ್ಲ ಆ ಹಲಗೆ ಗೋಡೆಯದು. ಗೋಡೆಯ ಈಚೆ ಚೀಟಿ ಡಾಕ್ಟರ ಕ್ಲಿನಿಕ್ಕು, ಆಚೆ ಕಟಿಂಗ್ ಶಾಪು. ಈಚೆ ಯಾರಾದರೂ ಸೀನಿದರೆ ಆಚೆ ಕತ್ತರಿ ನಿಲ್ಲುತ್ತಿತ್ತು.

ಚೀಟಿ ಡಾಕ್ಟರು ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ನೆಗಡಿ, ಜ್ವರಕ್ಕಿಂತ ದೊಡ್ಡದು ಏನು ಬಂದರೂ ದೊಡ್ಡಾಸ್ಪತ್ರೆಗೆ ಚೀಟಿ ಬರೆದು ಕೈತೊಳೆದುಕೊಳ್ಳುತ್ತಿದ್ದರು ಪುಣ್ಯಾತ್ಮರು. ಇಂಥವರನ್ನೇ ಹುಡುಕಿ ಹಿಡಿದು ದೊಡ್ಡಾಸ್ಪತ್ರೆಯ ಲಿವರ್ ತಜ್ಞೆಯೊಬ್ಬರು ವಾರವಾರ ಕಂಪ್ಯೂಟರಿನಲ್ಲಿ ಪಾಠ ಶುರುಮಾಡಿದ್ದರು. ಹೆಪಟೈಟಿಸ್ ಸಿ ಎಂಬ ಲಿವರ್ ಸೋಂಕನ್ನು ಬೀದಿಬದಿಯ ಡಾಕ್ಟರೇ ಮಾತ್ರೆ ಕೊಟ್ಟು ವಾಸಿಮಾಡಬೇಕು, ರೋಗಿ ಅಲೆಯಬಾರದು ಎನ್ನುವುದು ಆಕೆಯ ಹಟ. ಒಬ್ಬೊಬ್ಬ ಡಾಕ್ಟರೂ ತನ್ನ ರೋಗಿಯ ಕತೆ ಹೇಳಬೇಕು, ಆಕೆ ತಿದ್ದಬೇಕು. ನಿಯಮ ಒಂದೇ, ರೋಗಿಯ ಹೆಸರು ಹೇಳಕೂಡದು. ವಯಸ್ಸು, ಗಂಡೋ ಹೆಣ್ಣೋ, ಆಮೇಲೆ ಬರೀ ರಿಪೋರ್ಟು.

“ಐವತ್ತೆರಡು ವರ್ಷದ ಗಂಡಸು, ಮೇಡಂ!” ಆ ಬೆಳಗ್ಗೆ ಚೀಟಿ ಡಾಕ್ಟರು ಒಪ್ಪಿಸಿದರು. ಮೇಡಂ ಎಂದರೆ ಅವರಿಗೆ ಹೆದರಿಕೆ, ಹೆದರಿದಷ್ಟೂ ದನಿ ಏರುತ್ತಿತ್ತು. “ನಮ್ಮ ಬೀದಿಯವರೇ. ಮಾತ್ರೆ ಮುಗಿದು ಮೂರು ತಿಂಗಳಾಯ್ತು. ಕೊನೇ ರಿಪೋರ್ಟು ಇವತ್ತು ಬರುತ್ತೆ.”

“ಊಟ ಆದ್ಮೇಲೆ ಮತ್ತೆ ಸೇರ್ತೀವಲ್ಲ, ಆಗ ಹೇಳಿ,” ಎಂದರು ಮೇಡಂ.

ಡಾಕ್ಟರಿಗೆ ಅಲ್ಲಿಯವರೆಗೆ ಜೀವ ಹಿಡಿದುಕೊಳ್ಳುವುದೇ ಕಷ್ಟವಾಗಿತ್ತು. ವೈರಸ್ ಹೋಗದಿದ್ದರೆ ಏನು ಗತಿ? ಹೋದರೂ, ಇಂಥವರಿಗೆ ಬಂದಿತ್ತು ಅಂತ ಬೀದಿಗೆ ಗೊತ್ತಾದರೆ ಆ ಮನುಷ್ಯನ ಬಾಗಿಲು ತುಳಿಯುವವರು ಯಾರು? ಅದಕ್ಕಿಂತ ದೊಡ್ಡದು, ಆತನ ಹೆಂಡತಿಗೆ ಈ ವಿಷಯದ ಗಾಳಿಯೂ ತಾಗಿರಲಿಲ್ಲ.

ಆದರೆ ಗೋಡೆಯಾಚೆ ಕ್ಷೌರದ ಕತ್ತಿ ಆಗಲೇ ನಿಂತಿತ್ತು. ಕಟಿಂಗ್ ಶಾಪಿನವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬೀದಿಗೆ ಹಾರಿದ. ಆ ಗಿರಾಕಿ ಟೈಲರು. ಅವನು ಇನ್ನರ್ಧ ಕೆನ್ನೆಯಲ್ಲಿ ನೊರೆ ಇಟ್ಟುಕೊಂಡೇ ಕ್ಲಿನಿಕ್ಕಿಗೆ ನುಗ್ಗಿದ.

“ಡಾಕ್ಟ್ರೇ, ನಂಗೂ ಐವತ್ತೆರಡು! ಹೋದ್ ತಿಂಗ್ಳು ರಕ್ತ ತಗೊಂಡ್ರಲ್ಲ... ನಾನಾ?”

“ಅಯ್ಯೋ, ನೀವಲ್ಲ ಮಾರಾಯ್ರೆ!”

“ನಾನಲ್ವಂತೆ ಕಣ್ರೋ!” ಟೈಲರು ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡು ಹೋದ. ಹಿಂದೆಯೇ ಬೇಕರಿಯವನು ಬಂದ, ಅವನಿಗೂ “ನೀವಲ್ಲ” ಅಂದದ್ದಾಯಿತು. ಬಾಗಿಲಲ್ಲಿ ನಿಂತ ಕಟಿಂಗ್ ಶಾಪಿನವನು ಬೆರಳು ಮಡಚುತ್ತಿದ್ದ. “ಇಬ್ರು ಹೋದ್ರು. ಹೀಗೇ ಒಬ್ಬೊಬ್ರನ್ನೇ ಕಳೀತಾ ಹೋದ್ರೆ ಉಳಿದೋನೇ ಆಸಾಮಿ!”

ಡಾಕ್ಟರಿಗೆ ಅರ್ಥವಾಯಿತು. ಇಲ್ಲ ಇಲ್ಲ ಎನ್ನುತ್ತಲೇ ಸಂಜೆಯೊಳಗೆ ಹೌದು ಎಂದಂತಾಗುತ್ತಿತ್ತು! ಅವರಿಗೆ ಜನ್ಮದಲ್ಲಿ ಒಮ್ಮೆ ಉಪಾಯ ಹೊಳೆಯಿತು.

“ಯಾರು ಏನು ಅಂತ ಕೇಳಲೇಬೇಡಿ. ಬೀದಿಯವರಿಗೆಲ್ಲ ಉಚಿತ ಟೆಸ್ಟು. ಬೆರಳಿಗೆ ಒಂದು ಚುಚ್ಚು, ಪಟ್ಟಿ ಮೇಲೆ ಒಂದು ಹನಿ ರಕ್ತ. ಒಂದು ಗೆರೆ ಬಂದ್ರೆ ಏನಿಲ್ಲ, ಎರಡು ಬಂದ್ರೆ ಮುಂದೆ ನೋಡೋಣ.”

ಮಾತ್ರೆ ತಿಂದು ವಾಸಿಯಾದವನು ಇವರ ನಡುವೆ ಸಲೀಸಾಗಿ ಮರೆಯಾಗಿಬಿಡುತ್ತಾನೆ ಎಂದು ಅವರ ಲೆಕ್ಕ. ಕಟಿಂಗ್ ಶಾಪಿನವನು ತಾನೇ ಮುಂದೆ ನಿಂತು ಸಾಲು ಮಾಡಿಸಿದ.

“ಅದು ಹೆಂಗ್ ಬರುತ್ತೆ ಡಾಕ್ಟ್ರೇ? ಕೈ ಮುಟ್ಟಿದ್ರಾ?”

“ಮುಟ್ಟಿದ್ರೂ ಬರಲ್ಲ, ಜೊತೇಲಿ ಉಂಡ್ರೂ ಬರಲ್ಲ. ರಕ್ತದಿಂದ ರಕ್ತಕ್ಕೆ ಬರುತ್ತೆ. ಒಬ್ಬರಿಗೆ ಹಾಕಿದ ಸೂಜಿ, ಒಬ್ಬರಿಗೆ ಹಾಕಿದ ಬ್ಲೇಡು...”

ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ಕಟಿಂಗ್ ಶಾಪಿನವನನ್ನೇ ನೋಡಿದರು. “ತಾಯಾಣೆ ಹೊಸ ಬ್ಲೇಡೇ ಹಾಕ್ತೀನ್ರಪ್ಪಾ!” ಎಂದು ಅವನು ಬೆವರಿದ.

ಎಲ್ಲರದ್ದೂ ಮುಗಿಯಿತು. ಎಲ್ಲರಿಗೂ ಒಂದೇ ಗೆರೆ. ಕ್ಲಿನಿಕ್ಕು ಮದುವೆಮನೆಯಂತೆ ಗಲಗಲ ಎನ್ನುವಾಗಲೇ ಪಾಠ ಮತ್ತೆ ಶುರುವಾಯಿತು, ಡಾಕ್ಟರ ಫೋನಿಗೆ ರಿಪೋರ್ಟೂ ಬಂತು. ತಟಕ್ಕನೆ ತೆರೆದರು. ವೈರಸ್ ಪತ್ತೆಯಾಗಿಲ್ಲ!

“ಹೋಯ್ತು ಮೇಡಂ! ಪೂರ್ತಿ ಹೋಯ್ತು!” ಎಂದು ಚೀಟಿ ಡಾಕ್ಟರು ಕುರ್ಚಿಯಿಂದಲೇ ಎಗರಿದರು. ಪರದೆಯ ಚೌಕಗಳಲ್ಲಿ ಕೂತ ಡಾಕ್ಟರುಗಳೆಲ್ಲ ಚಪ್ಪಾಳೆ ತಟ್ಟಿದರು. ಹೋದ ಜೀವ ಬಂದಂತಾಗಿ ಅವರ ಕಣ್ಣಲ್ಲಿ ನೀರೇ ಬಂತು.

“ಸಂತೋಷ ಸ್ವಾಮಿ,” ಎಂದ ಕಟಿಂಗ್ ಶಾಪಿನವನು. “ಆದ್ರೆ ನಮ್ಮ ಬೀದಿಯವರೇ ಅಂದಿದ್ರಿ. ಬೀದಿ ಗಂಡಸರಲ್ಲಿ ಇನ್ನು ನಿಮ್ಮೊಬ್ಬರ ಬೆರಳೇ ಬಾಕಿ.”

ಖುಷಿಯಲ್ಲಿದ್ದ ಡಾಕ್ಟರಿಗೆ ಯಾವ ಭಯ? “ಅದಕ್ಕೇನಂತೆ, ನೋಡೇಬಿಡಿ!” ಎಂದು ಚುಚ್ಚಿಕೊಂಡು ಪಟ್ಟಿಯನ್ನು ಎಲ್ಲರೆದುರು ಇಟ್ಟರು. ಒಂದು ಗೆರೆ ಮೂಡಿತು. ಡಾಕ್ಟರು ನಕ್ಕರು. ನಿಧಾನವಾಗಿ ಎರಡನೆಯದೂ ಮೂಡಿತು.

“ಡಾಕ್ಟ್ರೇ,” ಪರದೆಯಿಂದ ಮೇಡಂ ದನಿ ಬಂತು, “ವೈರಸ್ ಹೋದ್ರೂ ಆ ಗೆರೆ ಹೋಗಲ್ಲ. ಒಮ್ಮೆ ಬಂದವರಿಗೆ ಬಹುಪಾಲು ಜೀವನ ಪೂರ್ತಿ ತೋರಿಸುತ್ತೆ. ಪಾಠದಲ್ಲಿ ಹೇಳಿದ್ದೆನಲ್ಲ, ಮರೆತ್ರಾ?”

ಮರೆತಿದ್ದರು. ಟೆಸ್ಟು ಕಲಿಯಲು ತಂತಮ್ಮ ಬೆರಳನ್ನೇ ಚುಚ್ಚಿಕೊಳ್ಳಿ ಎಂದು ಮೇಡಂ ಹೇಳಿದ್ದ ದಿನ ಇದೇ ಎರಡು ಗೆರೆ ಕಂಡು, ಯಾರಿಗೂ ಹೇಳಲಾರದೆ ತಮ್ಮನ್ನೇ ರೋಗಿ ಮಾಡಿಕೊಂಡು ವಾರವಾರ ಕತೆ ಒಪ್ಪಿಸಿದ್ದ ಮಹಾನುಭಾವರು, ಅದೊಂದನ್ನು ಮಾತ್ರ ಮರೆತಿದ್ದರು.

ಗದ್ದಲ ಕೇಳಿ ಮಹಡಿಯ ಮನೆಯಿಂದ ಇಳಿದು ಬಂದ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಕಟ್ಟಿಕೊಂಡ ಗಂಡನ ಕಾಯಿಲೆ ನಂಗೆ ಬೀದಿಯವರ ಜೊತೆ ಗೊತ್ತಾಗ್ಬೇಕಾ?” ಸಾಲನ್ನು ಸರಿಸಿಕೊಂಡು ಬಂದು ಬೆರಳು ಚಾಚಿದಳು. “ಚುಚ್ಚಿ ಮೊದ್ಲು.”

ಡಾಕ್ಟರು ಇಷ್ಟು ತಿಂಗಳು ಹೆದರಿದ್ದು ಈ ಬೆರಳಿಗೇ. ಚುಚ್ಚಿ, ಉಸಿರು ಹಿಡಿದು ಕಾದರು. ಒಂದೇ ಗೆರೆ. ಎರಡನೆಯದು ಬರಲೇ ಇಲ್ಲ. ಡಾಕ್ಟರು ಎಲ್ಲರೆದುರೇ ಬಿಕ್ಕಿ ಅತ್ತರು. “ಅಳ್ಬೇಡಿ ಸ್ವಾಮಿ, ಮುಟ್ಟಿದ್ರೆ ಬರಲ್ಲ ತಾನೆ,” ಎಂದು ಕಟಿಂಗ್ ಶಾಪಿನವನೇ ಬೆನ್ನು ಸವರಿದ.

ಮೇಡಂ ದನಿಯೂ ಮೆತ್ತಗಾಗಿತ್ತು. “ಇನ್ಮೇಲೆ ನಿಮಗೆ ನೀವೇ ಡಾಕ್ಟ್ರಾಗ್ಬೇಡಿ. ಆಯ್ತು, ಈ ಕೇಸು ಮುಗೀತು.”

“ಮುಗೀತಾ?” ಹೆಂಡತಿ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಎದುರು ಕೂತಳು. “ಬರ್ಕೊಳ್ಳಿ ಮೇಡಂ. ಐವತ್ತೆರಡು ವರ್ಷದ ಗಂಡಸು. ಬಿಪಿ ಮಾತ್ರೆ ಕಿಟಕಿಯಿಂದಾಚೆ ಎಸೀತಾರೆ. ಕದ್ದು ಸಿಗರೇಟು ಸೇದ್ತಾರೆ. ಮಂಡಿ ನೋವು, ಯಾರಿಗೂ ತೋರ್ಸಲ್ಲ...”

ಪರದೆಯ ಚೌಕಗಳಲ್ಲೆಲ್ಲ ಡಾಕ್ಟರುಗಳು ಪೆನ್ನು ತೆಗೆದರು.